ಒಂಬತ್ತು ಸರಪಳಿ ಮೂರು ಫೂಟು

ನಮಗೆ ಆಟ ಕಲಿಸುತ್ತಿದ್ದ ನೀರಾಬಾಯಿ ಅಕ್ಕೋರ ಕೊರಳಲ್ಲಿ ಎರಡು ದಾರ ಇರುತ್ತಿದ್ದವು. ಒಂದು ಅತ್ತೆ ಕಟ್ಟಿಸಿದ ಕರಿಮಣಿ. ಇನ್ನೊಂದು ಗೋಣಿಚೀಲ ಹೊಲಿಯುವ ದಪ್ಪ ಹುರಿ, ಅದರ ತುದಿಗೆ ಅಂಗೈಯಗಲದ ಸ್ಟಾಪ್‌ವಾಚು. ಕರಿಮಣಿಯನ್ನು ಬಚ್ಚಲಮನೆಯ ಗೂಡಿನಲ್ಲಿ ಬಿಚ್ಚಿಟ್ಟು ಮರೆತು ಅತ್ತೆಯಿಂದ ಬೈಸಿಕೊಂಡದ್ದುಂಟು. ಸ್ಟಾಪ್‌ವಾಚು ಮರೆತದ್ದನ್ನು ನಮ್ಮ ಇಂಡಿ ಊರಲ್ಲಿ ಯಾರೂ ಕಂಡವರಿಲ್ಲ. ಹಾಲು ಉಕ್ಕಲು ಎಷ್ಟು ಹೊತ್ತು ಹಿಡಿಯಿತು, ಸಿಂದಗಿ ಬಸ್ಸಿನ ಡ್ರೈವರು ಪಂಕ್ಚರಾದ ಗಾಲಿ ಬದಲಿಸಲು ಎಷ್ಟು ಹೊತ್ತು ತಗೊಂಡ, ಎಲ್ಲದಕ್ಕೂ ಗುಂಡಿ ಒತ್ತುವುದೇ. ಒಂದು ಸಲ ಆಗಸ್ಟ್ ಹದಿನೈದಕ್ಕೆ ನಮ್ಮ ಹೆಡ್‌ಮಾಸ್ತರರ ಭಾಷಣ ಮುಗಿದದ್ದೇ ತಡ, ಎದ್ದು ನಿಂತು ಮೆಚ್ಚುಗೆಯ ದನಿಯಲ್ಲೇ, "ಸರ್, ಮೂವತ್ತೆಂಟು ನಿಮಿಷ ಆತ್ರಿ. ಅದರಾಗ ಕೆಲಸದ ಮಾತು ನಾಕ ನಿಮಿಷ ಐತಿ" ಎಂದುಬಿಟ್ಟರು. ಮರುವರ್ಷ ಹೆಡ್‌ಮಾಸ್ತರರು ಹನ್ನೆರಡು ನಿಮಿಷಕ್ಕೆ ಇಳಿದರು. ಅದೊಂದಕ್ಕೇ ಇಂಡಿಯ ಜನ ಅಕ್ಕೋರ ಹೆಸರು ಹೇಳಿ ಕೈಮುಗಿಯಬೇಕು.

ಇನ್ನೊಂದು ಚಟ ಹೆಜ್ಜೆ ಎಣಿಸುವುದು. ತಮ್ಮವಷ್ಟೇ ಅಲ್ಲ, ಮುಂದೆ ಹೋಗುವವರ ಹೆಜ್ಜೆಯನ್ನೂ. ಮಾತಾಡುತ್ತಲೇ ತುಟಿ ಸಣ್ಣಗೆ ಅಲ್ಲಾಡುತ್ತಿದ್ದರೆ ಯಾರದೋ ಕಾಲಿನ ಎಣಿಕೆ ನಡೆದಿದೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು. "ಮನಷ್ಯಾನ ಬಾಯಿ ಏನಾರ ಹೇಳಲಿ, ಕುಶುಮ್, ಕಾಲು ಖರೇನ ಹೇಳತೈತಿ" ಎನ್ನುತ್ತಿದ್ದರು. ನನ್ನ ಹೆಸರು ಕುಸುಮ. ಅವರ ಬಂಗಾಳಿ ನಾಲಗೆಗೆ ನಾನು ಕೊನೆಯವರೆಗೂ ಕುಶುಮ್ ಆಗಿಯೇ ಉಳಿದೆ.

ಅವರ ನಿಜವಾದ ಹೆಸರು ನೀಹಾರಬಾಲಾ. ಇಂಡಿಯ ಜೋಶಿ ಮನೆತನದ ಹುಡುಗ ಕಲಕತ್ತೆಗೆ ಡಾಕ್ಟರಿಕೆ ಓದಲು ಹೋಗಿ, ಬರುವಾಗ ಡಿಗ್ರಿಯ ಜತೆ ಈಕೆಯನ್ನೂ ಕರೆದುಕೊಂಡು ಬಂದ. ಇಂಡಿ ರೋಡ್ ಸ್ಟೇಶನ್ನಿನಿಂದ ಟಾಂಗಾದಲ್ಲಿ ಬಂದಿಳಿದ ಸೊಸೆಯನ್ನು ನೋಡಲು ಅರ್ಧ ಊರು ನೆರೆದಿತ್ತಂತೆ. ಎತ್ತರದ ಹೆಂಗಸು, ಗಂಡನಿಗಿಂತ ನಾಲ್ಕು ಬೆರಳು ಹೆಚ್ಚೇ. ಟ್ರಂಕನ್ನು ತಾನೇ ಹೆಗಲಿಗೆ ಏರಿಸಿಕೊಂಡು ಒಳಗೆ ನಡೆದದ್ದನ್ನು ನಮ್ಮಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಆ ಟ್ರಂಕಿನಲ್ಲಿ ಸೀರೆಗಿಂತ ಬೆಳ್ಳಿ ಕಪ್ಪುಗಳೇ ಹೆಚ್ಚಿದ್ದವು. ಓಟ, ಭರ್ಚಿ ಎಸೆತ, ಹಾಕಿ, ಈಜು, ಸೈಕಲ್ಲು, ಯಾವುದರಲ್ಲಿ ಇಲ್ಲ! ಹೆಣ್ಣುಮಕ್ಕಳು ಮೈದಾನಕ್ಕೆ ಕಾಲಿಡುವುದೇ ದೊಡ್ಡ ಸುದ್ದಿಯಾಗಿದ್ದ ಕಾಲದಲ್ಲಿ ಕಲಕತ್ತೆಯ ಪತ್ರಿಕೆಗಳು ಅವರ ಫೋಟೋ ಹಾಕಿದ್ದವಂತೆ. ಇದನ್ನೆಲ್ಲ ಡಾಕ್ಟರು ಹೇಳಬೇಕು. ಅಕ್ಕೋರು ಹೇಳುವವರಲ್ಲ. ಕಪ್ಪುಗಳನ್ನು ಅಡಿಗೆಮನೆಯಲ್ಲಿ ಸಾಲಾಗಿಟ್ಟು ಒಂದರಲ್ಲಿ ಸಾಸಿವೆ, ಒಂದರಲ್ಲಿ ಜೀರಿಗೆ, ಎಲ್ಲಕ್ಕಿಂತ ದೊಡ್ಡದರಲ್ಲಿ ಉಪ್ಪು ತುಂಬಿದ್ದರು.

ಕನ್ನಡವನ್ನು ಅತ್ತೆಯ ಹತ್ತಿರ ಕಲಿಯದೆ ಸಂತೆಯಲ್ಲಿ ಕಲಿತರು. ಅತ್ತೆಗೆ ಅದೇ ದೊಡ್ಡ ಸಂಕಟ. ಜೋಶಿ ಮನೆಯಲ್ಲಿ ಎಲ್ಲರೂ 'ಅದ' ಎನ್ನುವಾಗ ಸೊಸೆ ಗಟ್ಟಿಯಾಗಿ 'ಐತಿ' ಎನ್ನುತ್ತಿದ್ದಳು. ಸಾಲದ್ದಕ್ಕೆ ಗಂಡು, ಹೆಣ್ಣು, ಎಮ್ಮೆ ಎಲ್ಲವೂ ಅವರಿಗೆ ಒಂದೇ. "ಮಾಮಲೇದಾರ ಬಂತು", "ಅತ್ತಿ ಊಟ ಮಾಡಿತು". ಅಕ್ಷರ ಕಲಿಸಿದವಳು ಮಾತ್ರ ನಾನು. ಊರೂರಿನ ಆಟದ ಕೂಟಗಳಿಗೆ ಹೋಗುವಾಗ ಬಸ್ಸಿನಲ್ಲಿ ಕೂತು ಒಂದನೆಯ ಇಯತ್ತೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಿದ್ದರು. ಆ ಬಸ್ಸಿನ ಕುಲುಕಾಟ ಅವರ ಅಕ್ಷರದಲ್ಲಿ ಕಡೆಯವರೆಗೂ ಉಳಿಯಿತು.

ನಮ್ಮ ಹೈಸ್ಕೂಲಿಗೆ ಆಟದ ಅಕ್ಕೋರಾಗಿ ಅವರು ಬರುವ ತನಕ ಹುಡುಗಿಯರಿಗೆ ಇದ್ದ ಆಟ ಮೂರು. ಸೂಜಿಗೆ ದಾರ ಪೋಣಿಸುವುದು, ಕುರ್ಚಿ ಸುತ್ತುವುದು, ಚಮಚದಲ್ಲಿ ಲಿಂಬಿಹಣ್ಣು ಇಟ್ಟುಕೊಂಡು ನಡೆಯುವುದು. ಲಿಂಬಿಹಣ್ಣಿಗೆ ಇಂಡಿಯಲ್ಲಿ ಏನು ಬರ! ಮೊದಲ ವರ್ಷದ ಸ್ಪರ್ಧೆಯ ದಿನ ಹನ್ನೆರಡು ಹುಡುಗಿಯರು ಚಮಚ ಕಚ್ಚಿಕೊಂಡು ಸಾಲಾಗಿ ನಿಂತಿದ್ದೆವು. ಅಕ್ಕೋರು ಒಬ್ಬೊಬ್ಬರ ಚಮಚದಿಂದ ಹಣ್ಣು ತೆಗೆದು ತಮ್ಮ ಕೈಚೀಲಕ್ಕೆ ಹಾಕಿಕೊಳ್ಳುತ್ತ ಬಂದರು. "ಇದು ಬ್ಯಾಳಿಗೆ ಹಿಂಡಿಕೊಳ್ಳೂದು. ನಾಳಿಂದ ಓಡ್ರಿ" ಎಂದರು. ಬಹುಮಾನ ಕೊಡಲು ಬಂದಿದ್ದ ಮಾಮಲೇದಾರರ ಹೆಂಡತಿ ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ಕುಳಿತೇ ಇದ್ದರು.

ಮರುದಿನ ಊರಲ್ಲಿ ಗುಲ್ಲೋ ಗುಲ್ಲು. ವಯಸ್ಸಿಗೆ ಬಂದ ಹುಡುಗಿಯರು ಲಂಗ ಎತ್ತಿ ಓಡುವುದೇ? ಅಕ್ಕೋರು ಯಾರೊಡನೆಯೂ ವಾದ ಮಾಡಲಿಲ್ಲ. ಸೀದಾ ನಮ್ಮ ಮನೆಗೆ ಬಂದು ಕಚ್ಚೆ ಸೀರೆ ಉಟ್ಟು ಬೀಸುಕಲ್ಲು ತಿರುವುತ್ತಿದ್ದ ಅಜ್ಜಿಯ ಮುಂದೆ ಕುಳಿತರು.

"ಅಜ್ಜೀ, ಈ ಸೀರಿ ಉಟ್ಟು ನೀವು ಓಡಿದ್ದುಂಟೇನ್ರಿ?"

"ಓಡದs ಏನ ಮಾಡಲಿ? ಹೋರಿ ಹಗ್ಗ ಹರಕೊಂಡಾಗ ನಿಮ್ಮ ಮಾವ ಬರ್ತಿದ್ರೇನು ಹಿಡೀಲಿಕ್ಕೆ?"

"ಹಾಂಗಾರ ಹುಡುಗ್ಯಾರಿಗೆ ಅದನ್ನ ಉಡಾಕ ಕಲಸ್ರಿ."

ಮುಗಿಯಿತು. ಅಜ್ಜಿಯ ಕಾಲದ ಉಡುಗೆಗೆ ಹೆಸರಿಡುವ ಧೈರ್ಯ ಯಾರಿಗಿತ್ತು? ನಾವು ಕಚ್ಚೆ ಹಾಕಿ ಓಡಿದೆವು. ನನ್ನ ಗೆಳತಿ, ಲಿಂಬಿ ವ್ಯಾಪಾರಿ ದಸ್ತಗೀರಸಾಹೇಬರ ಮಗಳು ಖೈರುನ್, ಸಲ್ವಾರಿನಲ್ಲಿ ಗುಂಡು ಎಸೆದಳು. ಅಪ್ಪನ ಅಂಗಡಿಯಲ್ಲಿ ಚೀಲ ಎತ್ತಿ ಎತ್ತಿ ಅವಳ ತೋಳು ಮೊದಲೇ ತಯಾರಾಗಿತ್ತು. ಅಕ್ಕೋರು ಅದನ್ನು ಸಂತೆಯಲ್ಲೇ ಗುರುತಿಸಿದ್ದರು.

ಈಗ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ವಾಮನರಾಯರು ಸರಕಾರಿ ಮೋಜಣಿದಾರರು. ಹೊಲ ಅಳೆಯುವುದು, ಗಡಿಗೆ ಬಾಂದಕಲ್ಲು ನೆಡಿಸುವುದು ಅವರ ಕೆಲಸ. ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಲ್ಲಿ ಅಪ್ಪನ ಸರಪಳಿ ಬಿದ್ದರೆ ಜಗಳ ತಣ್ಣಗಾಗುತ್ತಿತ್ತು. ಮೂವತ್ತಮೂರು ಫೂಟಿನ ಆ ಸರಪಳಿಯನ್ನು ದಸರೆಯಲ್ಲಿ ದೇವರ ಮನೆಯಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಓಟದ ದಾರಿ ಅಳೆದುಕೊಡಿ ಎಂದು ಅಕ್ಕೋರು ಕೇಳಿದಾಗ ಅಪ್ಪನಿಗೆ ಒಳಗೊಳಗೇ ಹೆಮ್ಮೆ. ಜವಾನನನ್ನು ಕರೆದುಕೊಂಡು ಹೋಗಿ, "ನೂರು ಗಜ ಅಂದ್ರ ಒಂಬತ್ತು ಸರಪಳಿ ಮೂರು ಫೂಟು" ಎಂದು ಲೆಕ್ಕ ಹೇಳಿ, ಎರಡು ತುದಿಗೆ ಎರಡು ಬಾಂದಕಲ್ಲು ನೆಡಿಸಿ ಸುಣ್ಣ ಬಳಿಸಿದರು. "ಬಾಯಿ, ಇದು ಹೈಕೋರ್ಟಿಗೆ ಹೋದರೂ ನಿಲ್ಲತದ" ಎಂದರು. ಅಂಥ ಮನುಷ್ಯ ಅಳೆದದ್ದನ್ನು ಮತ್ತೆ ಅಳೆಯುವುದುಂಟೇ? ಅಕ್ಕೋರು ಕೈಮುಗಿದು ಒಪ್ಪಿಕೊಂಡರು.

ಆ ನಾಲ್ಕೈದು ವರ್ಷ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾವು ಸುತ್ತದ ಊರಿಲ್ಲ. ಮೊದಮೊದಲು ತೀರ್ಪು ಕೊಡುವ ಪಂಚರ ಸಾಲಿನಲ್ಲಿ ಅಕ್ಕೋರೊಬ್ಬರೇ ಹೆಂಗಸು. ಮುದ್ದೇಬಿಹಾಳದಲ್ಲಿ ಗಂಡಸರ ವಾಲಿಬಾಲ್ ಪಂದ್ಯಕ್ಕೆ ಅಂಪೈರು ಬರಲಿಲ್ಲ. ಅಕ್ಕೋರು ಸೆರಗು ಸೊಂಟಕ್ಕೆ ಸಿಗಿಸಿ ಎತ್ತರದ ಸ್ಟೂಲು ಹತ್ತಿಯೇಬಿಟ್ಟರು. ಒಬ್ಬ ಆಟಗಾರ, "ಹೆಣಮಗಳ ಸೀಟಿಗೆ ನಾವು ಕುಣೀಬೇಕೇನು?" ಎಂದು ಗೊಣಗಿದ. ಅಕ್ಕೋರು ಕೆಳಗಿಳಿದು ಅವನ ಕೈಯಿಂದ ಚೆಂಡು ಇಸಕೊಂಡರು. ಗೆರೆಯ ಹಿಂದೆ ನಿಂತು ಮೂರು ಸರ್ವಿಸ್ ಹೊಡೆದರು. ಮೂರನ್ನೂ ಅವನ ಕಡೆಗೇ ಹೊಡೆದರು, ಮೂರನ್ನೂ ಅವನು ಎತ್ತಲಾರದೆ ಹೋದ. "ತಮ್ಮಾ, ಈಗ ಆಡೂಣೇನು?" ಎಂದು ಕೇಳಿ ಮತ್ತೆ ಸ್ಟೂಲು ಹತ್ತಿದರು. ಆ ದಿನ ಅವರ ಸೀಟಿಯ ಮೇಲೆ ಒಬ್ಬನೂ ಮಾತಾಡಲಿಲ್ಲ. ಖೈರುನ್ ಬಸ್ಸಿನಲ್ಲಿ ಬರುವಾಗ ನೂರು ಸಲ ಆ ತಮ್ಮನ ಮುಖ ಮಾಡಿ ತೋರಿಸಿ ನಗಿಸಿದಳು.

ನಾನು ಮ್ಯಾಟ್ರಿಕ್ಕಿನಲ್ಲಿದ್ದ ವರ್ಷ ಅದು. ಬೆಂಗಳೂರಿನಲ್ಲಿ ರಾಜ್ಯದ ಕೂಟ ಏರ್ಪಟ್ಟಿತು. ನೂರು ಗಜವನ್ನು ಹದಿಮೂರು ಸೆಕೆಂಡಿನೊಳಗೆ ಓಡಿದ್ದಾಳೆಂದು ಆಟದ ಶಿಕ್ಷಕರು ಬರೆದುಕೊಟ್ಟರೆ ಮಾತ್ರ ಪ್ರವೇಶ. ಅದೇ ಹೊತ್ತಿಗೆ ಸೊಲ್ಲಾಪುರದಿಂದ ನನಗೊಂದು ಸಂಬಂಧ ಬಂತು. ಹುಡುಗ ರೇಲ್ವೆಯಲ್ಲಿ ಕ್ಲಾರ್ಕು, ವೈಶಾಖದಲ್ಲೇ ಮದುವೆ ಆಗಬೇಕಂತೆ. ನನಗೆ ಬಿಜಾಪುರದ ಕಾಲೇಜಿನ ಹಂಬಲ. ಅತ್ತು ಕರೆದು ಊಟ ಬಿಟ್ಟ ಮೇಲೆ ಅಪ್ಪ ಒಂದು ಮಾತು ಕೊಟ್ಟರು.

"ಬೆಂಗಳೂರಿಗೆ ಆರಿಸಿ ಬಂದ್ರ ಕಾಲೇಜಿಗೆ ಕಳಸ್ತೀನಿ. ಇಲ್ಲಾಂದ್ರ ಮುಖ ಗಂಟು ಹಾಕದ ಹೂಂ ಅನ್ನಬೇಕು. ಆತಿಲ್ಲೋ?"

"ಆತು" ಎಂದೆ. ಹದಿಮೂರು ಸೆಕೆಂಡು ನನಗೆ ಅಷ್ಟು ಸಸಾರ ಅನ್ನಿಸಿತ್ತು.

ಮೊದಲ ದಿನ ಹದಿಮೂರರ ಮೇಲೆ ಮೂರು ಗೆರೆ, ಅಂದರೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು. ವಾರ ಬಿಟ್ಟು ಮತ್ತೆ ಓಡಿದೆ. ನಾಲ್ಕು ಗೆರೆ. ಮೂರನೆಯ ಸಲ ತುತ್ತತುದಿಯವರೆಗೆ ಎದೆ ಒಡೆಯುವಂತೆ ಓಡಿ ಬಾಂದಕಲ್ಲಿನ ಆಚೆ ಬಿದ್ದೆ. ಅಕ್ಕೋರು ಗಡಿಯಾರ ತೋರಿಸಿದರು. ಅದೇ ಮೂರು ಗೆರೆ. ಹೆಡ್‌ಮಾಸ್ತರರಿಗೆ ಕೂಡ ಮರುಕ ಬಂತು. "ಬಾಯಾರ, ಮೂರು ಗೆರಿ ಏನ ಮಹಾ? ಹದಿಮೂರು ಅಂತ ಬರೀರಿ. ಬೆಂಗಳೂರಾಗ ಯಾರು ಕೇಳತಾರ?" ಎಂದರು.

"ನಾ ಕೇಳತೇನಿ" ಎಂದರು ಅಕ್ಕೋರು. ಅಷ್ಟೇ.

ನನಗೆ ತಲೆ ಕೆಟ್ಟುಹೋಯಿತು. ಅವರ ಮುಂದೆ ನಿಂತು, "ನಿಮಗೇನ್ರಿ! ನಿಮ್ಮ ಓಟ ಎಲ್ಲಾ ಮುಗದದ. ಕಪ್ಪಿನ್ಯಾಗ ಉಪ್ಪು ತುಂಬಿಕೊಂಡು ಕೂತೀರಿ. ನನ್ನ ಬಾಳು ಏನಾದ್ರೇನು ನಿಮಗ!" ಎಂದುಬಿಟ್ಟೆ. ಇವತ್ತಿಗೂ ಆ ಮಾತು ನೆನಪಾದರೆ ನಾಲಗೆ ಕಚ್ಚಿಕೊಳ್ಳುತ್ತೇನೆ. ಅವರು ಗಡಿಯಾರವನ್ನು ಕುಪ್ಪಸದೊಳಗೆ ಸೇರಿಸಿಕೊಂಡು ಮನೆಯ ಕಡೆ ನಡೆದರು.

ಹೆಸರು ಕಳಿಸಲು ಎಂಟು ದಿನ ಉಳಿದಿದ್ದಾಗ ಬಸವನ ಬಾಗೇವಾಡಿಯಲ್ಲಿ ಒಂದು ಕೂಟವಿತ್ತು. ಅಲ್ಲಿಯವರೆಗೆ ಹೊರಗಿನ ಊರುಗಳಲ್ಲಿ ಹುಡುಗಿಯರಿಗೆ ಐವತ್ತು ಗಜವೇ ಹೆಚ್ಚು ಎನ್ನುತ್ತಿದ್ದರು. ಅಕ್ಕೋರು ಹಟ ಹಿಡಿದು ಅಲ್ಲಿ ಮೊದಲ ಸಲ ನೂರು ಗಜ ಇರಿಸಿದ್ದರು. ಮುಂಜಾನೆ ಉಕ್ಕಿನ ಟೇಪು ಹಿಡಿದು ದಾರಿ ಅಳೆಯುವಾಗ ಎದುರಿಗೇ ನಿಂತಿದ್ದರು. ಓಟ ಬಿಡುವ ಕೆಲಸವೂ ಅವರದೇ ಆದ್ದರಿಂದ ಹೊತ್ತು ನೋಡುವಂತಿರಲಿಲ್ಲ. ಆ ಕೂಟದಲ್ಲಿ ಯಾರು ಮೊದಲು ಎಂಬುದಷ್ಟೇ ಲೆಕ್ಕ. ಸೀಟಿ ಊದಿದರು. ನಾನು ಸಿಟ್ಟಿನಲ್ಲೇ ಓಡಿ ಮೊದಲು ಬಂದೆ. ತಿರುಗಿ ನೋಡಿದರೆ ಅಕ್ಕೋರು ಹೊರಟ ಗೆರೆಯ ಹತ್ತಿರ ಹಾಗೇ ನಿಂತಿದ್ದಾರೆ, ತುಟಿ ಅರ್ಧ ತೆರೆದುಕೊಂಡಿದೆ.

ಬಸ್ಸು ಹತ್ತಿದೆವು. ಇಂಡಿ ಬಂದಾಗ ಇಳಿಯುತ್ತ, "ಐವತ್ತೆರಡು" ಎಂದರು. ನಾನು ಮಾತಾಡಿಸುವ ಮನಸ್ಸಿನಲ್ಲಿರಲಿಲ್ಲ.

ಮರುದಿನ ಹೊತ್ತು ಏರುವ ಮುಂಚೆಯೇ ನನ್ನನ್ನು ಮೈದಾನಕ್ಕೆ ಕರೆಸಿದರು. ಗಡಿಯಾರ ಮುಟ್ಟಲಿಲ್ಲ. "ಓಡು" ಎಂದರು. ಓಡಿದೆ. "ಐವತ್ತನಾಕು" ಎಂದರು. "ಇನ್ನೊಮ್ಮಿ ಓಡು." ಮತ್ತೆ ಐವತ್ತನಾಲ್ಕು. ನನ್ನ ರಟ್ಟೆ ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದರು. ಅಪ್ಪ ಸಂಧ್ಯಾವಂದನೆ ಮುಗಿಸಿ ಚಹಾ ಕುಡಿಯುತ್ತಿದ್ದರು.

"ರಾವಸಾಹೇಬ್ರ, ಇದರ ಹೆಜ್ಜಿ ಬಾಗೇವಾಡ್ಯಾಗ ಐವತ್ತೆರಡು, ಇಂಡ್ಯಾಗ ಐವತ್ತನಾಕು. ಹುಡುಗಿ ಕಾಲು ಒಂದ ದಿನದಾಗ ಗಿಡ್ಡ ಆಗೂದಿಲ್ಲ. ನಮ್ಮ ಮೈದಾನ ಉದ್ದ ಐತಿ."

ಅಪ್ಪ ಬಸಿಯನ್ನು ಠಪ್ಪನೆ ಇಟ್ಟರು. "ಏನಂದ್ರಿ? ಮೂವತ್ತು ವರ್ಷ ಆತು, ಬಾಯಿ, ನಾ ಅಳ್ಯಾಕತ್ತು. ನನ್ನ ಸರಪಳಿ ತಪ್ಪು ಅಂತ ಒಬ್ಬ ಗೌಡ ಅಂದಿಲ್ಲ, ಒಬ್ಬ ಕಲೆಕ್ಟರ ಅಂದಿಲ್ಲ!"

"ಸರಪಳಿಗೆ ನಾ ಏನೂ ಅನ್ನವಲ್ಲೆ. ಇನ್ನೊಮ್ಮಿ ಹಾಸಿ ತೋರಸ್ರಿ."

ಅಪ್ಪ ಅಂಗಿಯ ಮೇಲೆ ಕೋಟು, ತಲೆಗೆ ಟೊಪ್ಪಿಗೆ ಏರಿಸಿ, ಕೋರ್ಟಿಗೆ ಹೊರಟವರಂತೆ ಹೊರಟರು. ಸುದ್ದಿ ತಿಳಿದು ಹೆಡ್‌ಮಾಸ್ತರರು, ಡಾಕ್ಟರು, ಖೈರುನ್, ಅರ್ಧ ಶಾಲೆಯೇ ಮೈದಾನದಲ್ಲಿ ನೆರೆಯಿತು. ಜವಾನ ಸರಪಳಿ ಹಾಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಹಾಸುವಾಗ ಮೈದಾನವನ್ನು ಅಡ್ಡ ಹಾಯುವ ಗಾಡಿಯ ದಾರಿ ಬಂತು. ಲಿಂಬಿ ತುಂಬಿದ ಗಾಡಿಗಳು ತೋಟದಿಂದ ಪೇಟೆಗೆ ಹೋಗುತ್ತಿದ್ದ ದಾರಿ ಅದು, ಹತ್ತು ಫೂಟು ಅಗಲ. ಜವಾನ ದಾರಿಯ ಅಂಚಿನಲ್ಲಿ ಗುರುತು ಮಾಡಿ, ಸರಪಳಿ ಎತ್ತಿಕೊಂಡು ದಾರಿ ದಾಟಿ, ಆ ಕಡೆಯ ಅಂಚಿನಿಂದ ಎಣಿಕೆ ಮುಂದುವರಿಸಿದ.

"ನಿಂದರ್ರಿ!" ಅಕ್ಕೋರು ಕೂಗಿದರು. "ಇದನ್ನ ಯಾಕ ಬಿಟ್ಟಿರಿ?"

ಅಪ್ಪನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಗಾಡಿ ಹಾದಿ ಅಲ್ಲೇನ್ರಿ ಅದು? ಹಾದಿ, ಹಳ್ಳ, ಬಂಡಿಗಲ್ಲು ಇವೆಲ್ಲಾ ಖರಾಬು. ಉತ್ತು ಬಿತ್ತಲಿಕ್ಕೆ ಬರದ ಭೂಮಿನ್ನ ಅಳತ್ಯಾಗ ಹ್ಯಾಂಗ ಹಿಡಿಯೋದು? ಯಾವ ಮೋಜಣಿದಾರನೂ ಹಿಡಿಯೂದಿಲ್ಲ."

ಅಕ್ಕೋರು ನಗತೊಡಗಿದರು. ನಗುತ್ತ ನಗುತ್ತ ಗಾಡಿಯ ದಾರಿಯ ಧೂಳಿನಲ್ಲೇ ಕುಳಿತುಬಿಟ್ಟರು, ಕಣ್ಣಲ್ಲಿ ನೀರು ಬಂತು.

"ರಾವಸಾಹೇಬ್ರ," ಎಂದರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಹೊಲಕ್ಕ ಖರಾಬು ಬಿಡ್ರಿ, ಬ್ಯಾಡ ಅನ್ನೂದಿಲ್ಲ. ಓಡೂ ಹುಡುಗಿಗೆ ಬಿಡಾಕ ಬರೂದಿಲ್ಲ. ಪಾಪ, ಅದು ಖರಾಬಿನ ಮ್ಯಾಲೂ ಓಡಬೇಕಾಗತೈತಿ!"

ಅಪ್ಪ ನಗಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ತಾವು ಲೆಕ್ಕಕ್ಕೆ ಬಿಟ್ಟ ಹತ್ತು ಫೂಟಿಗಾಗಿ ಮಗಳು ಸೋಲುತ್ತಿದ್ದಳು, ತಾವೇ ಅವಳನ್ನು ಸೊಲ್ಲಾಪುರಕ್ಕೆ ಕಳಿಸಲು ಹೊರಟಿದ್ದರು. ಇದು ಅವರ ಮುಖದ ಮೇಲೆ ನಿಧಾನವಾಗಿ ಮೂಡಿದ್ದನ್ನು ನಾನು ನೋಡಿದೆ. "ಕುಸುಮಾ, ಆ ಹತ್ತು ಫೂಟು ನಂದು" ಎಂದರು. ಅಪ್ಪ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡದ್ದು ಅದೊಂದೇ ಸಲ.

"ಅಲ್ರಿ, ನಂದು" ಎಂದು ಅಕ್ಕೋರು ಎದ್ದು ನಿಂತರು. ಎಲ್ಲ ಹುಡುಗಿಯರಿಗೂ ಕೇಳುವಂತೆ ಹೇಳಿದರು. "ಇವರು ಭೂಮಿ ಅಳದ್ರು, ಬರೋಬ್ಬರಿ ಅಳದ್ರು. ಓಟ ಅಳೀಬೇಕಾದಾಕಿ ನಾನು. ಊರ ಮಂದಿ ಹೆಜ್ಜಿ ಎಣಿಸಿದೆ, ಈ ಹುಡುಗಿ ಹೆಜ್ಜಿ ಎಣಿಸಲಿಲ್ಲ. ಗಡಿಯಾರ ನೋಡಿಕೋತ ನಿಂತೆ. ಕುಶುಮ್, ನನ್ನ ತಪ್ಪು." ಕೊರಳಿನ ಸ್ಟಾಪ್‌ವಾಚು ಬಿಚ್ಚಿ ನನ್ನ ಕೊರಳಿಗೆ ಹಾಕಿದರು. ಕಚ್ಚೆ ಬಿಗಿದು ಗೆರೆಯ ಮೇಲೆ ಬಗ್ಗಿ ನಿಂತರು. "ಹಿಡಿ ಹೊತ್ತು. ಇಷ್ಟು ದಿನ ನಿನ್ನ ಓಡಿಸೇನಿ, ಒಮ್ಮಿ ನಾನೂ ಓಡಬೇಕು."

ನಲವತ್ತರ ಹತ್ತಿರದ ಹೆಂಗಸು ಓಡಿದ್ದನ್ನು ನಾನು ಹೇಗೆ ಹೇಳಲಿ! ತಲೆ ಅಲುಗಲಿಲ್ಲ, ಹೆಗಲು ಬಿಗಿಯಲಿಲ್ಲ. ಗಾಡಿಯ ದಾರಿಯನ್ನು ಎರಡೇ ಹೆಜ್ಜೆಯಲ್ಲಿ ದಾಟಿ ಹೋದರು. ನೋಡುತ್ತ ನಿಂತ ನಾನು ಗುಂಡಿಯನ್ನೇ ಒತ್ತಿರಲಿಲ್ಲ. "ಎಷ್ಟು?" ಎಂದು ಏದುಸಿರಿನಲ್ಲಿ ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಒತ್ತಲಿಲ್ರಿ ಅಕ್ಕೋರ" ಎಂದೆ. "ಪಂಚ ಆಗಾಕ ನೀ ಇನ್ನೂ ಭಾಳ ಕಲೀಬೇಕು" ಎಂದರು.

ಅಪ್ಪ ಸರಿಯಾದ ಜಾಗದಲ್ಲಿ ಹೊಸ ಕಲ್ಲು ನೆಡಿಸಿದರು. ಹಳೆಯದನ್ನು ಕೀಳಲು ಹೋದ ಜವಾನನನ್ನು ಅಕ್ಕೋರು ತಡೆದರು. "ಇರಲಿ ಬಿಡು. ಹೊತ್ತು ಹಿಡಿಯೂದು ಹೊಸ ಕಲ್ಲಿಗೆ. ಓಡೂದು ಮಾತ್ರ ಹಳೇ ಕಲ್ಲಿನ ತನಕ." ಮೂರು ದಿನದ ಮೇಲೆ, ಹೆಡ್‌ಮಾಸ್ತರರ ಕೈಯಲ್ಲಿ ಒಂದು, ಡಾಕ್ಟರ ಕೈಯಲ್ಲಿ ಒಂದು ಗಡಿಯಾರ ಬೇರೆ ಕೊಟ್ಟು, ನನ್ನನ್ನು ಓಡಿಸಿದರು. ಹಳೆಯ ಕಲ್ಲಿನ ಮೇಲೆ ಕಣ್ಣಿಟ್ಟು ಓಡಿದೆ, ಹೊಸ ಕಲ್ಲು ದಾಟಿದ್ದೇ ಗೊತ್ತಾಗಲಿಲ್ಲ. ಮೂರು ಗಡಿಯಾರವೂ ಹದಿಮೂರರ ಒಳಗೇ ನಿಂತಿದ್ದವು. ಅಕ್ಕೋರು ಅಲ್ಲೇ ಖೈರುನ್‌ಳ ಬೆನ್ನ ಮೇಲೆ ಕಾಗದ ಇಟ್ಟು ಸಹಿ ಮಾಡಿದರು.

ಬೆಂಗಳೂರಿನಲ್ಲಿ ಏಳು ಜನರ ಓಟದಲ್ಲಿ ನಾನು ಐದನೆಯವಳು. ಆದರೇನು, ಅಪ್ಪ ಮಾತು ಉಳಿಸಿಕೊಂಡರು. ಬಿಜಾಪುರದ ಕಾಲೇಜು, ಆಮೇಲೆ ಆಟದ ಶಿಕ್ಷಕಿಯ ತರಬೇತಿ, ಆಮೇಲೆ ಸಿಂದಗಿಯಲ್ಲಿ ಅದೇ ನೌಕರಿ. ನಾನೂ ಕೊರಳಿಗೆ ಸ್ಟಾಪ್‌ವಾಚು ಹಾಕಿಕೊಂಡೆ, ಗುಂಡಿ ಒತ್ತುವುದನ್ನೂ ಕಲಿತೆ.

ಡಾಕ್ಟರು ಎದೆನೋವಿನಿಂದ ತೀರಿಕೊಂಡ ವರ್ಷವೇ ಅಕ್ಕೋರು ಕಲಕತ್ತೆಗೆ ಹೊರಟರು. ಹನ್ನೊಂದು ವರ್ಷ ಇಂಡಿಯಲ್ಲಿದ್ದರು. ಬಿಳಿ ಸೀರೆ, ಅದೇ ಟ್ರಂಕು. ಸ್ಟೇಶನ್ನಿಗೆ ನಾನು, ಖೈರುನ್, ಅಪ್ಪ ಹೋಗಿದ್ದೆವು. ಟ್ರಂಕನ್ನು ಈ ಸಲ ಖೈರುನ್ ಎತ್ತಿಕೊಂಡಳು. ದಸ್ತಗೀರಸಾಹೇಬರು ಕಳಿಸಿದ ಲಿಂಬಿಹಣ್ಣಿನ ಚೀಲವನ್ನು ಅಕ್ಕೋರು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಅಳುತ್ತಿದ್ದ ನನಗೆ ಕಿಟಕಿಯಿಂದ, "ಕುಶುಮ್, ಗಾಡಿ ಏಳು ನಿಮಿಷ ತಡಾ ಐತಿ" ಎಂದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಅಲ್ಲಿ ಹೋದ ಮೇಲೆ ದೊಡ್ಡ ಕೋಚು ಎನಿಸಿಕೊಂಡರು, ದೊಡ್ಡ ದೊಡ್ಡ ಕೂಟಗಳಲ್ಲಿ ಪಂಚರಾದರು ಎಂಬುದು ಅವರ ಕಾಗದಗಳಿಂದ ಅಲ್ಲ, ಪತ್ರಿಕೆಯಿಂದ ತಿಳಿಯುತ್ತಿತ್ತು. ಕಾಗದದಲ್ಲಿ ಬರೀ ಪ್ರಶ್ನೆಗಳು. ಹಳೇ ಕಲ್ಲು ಐತೇನು? ನಿಮ್ಮ ಹುಡುಗ್ಯಾರು ಎಷ್ಟು ಹೆಜ್ಜಿ? ಆಮೇಲೆ ಅದೂ ನಿಂತಿತು. ಬಹಳ ವರ್ಷಗಳ ನಂತರ ಅವರ ತಮ್ಮನ ಮಗ ಅವರು ತೀರಿಕೊಂಡ ಸುದ್ದಿ ಬರೆದು, ಜತೆಗೊಂದು ಇಂಗ್ಲಿಷ್ ಪುಸ್ತಿಕೆ ಕಳಿಸಿದ. ಯಾವುದೋ ಸನ್ಮಾನದಲ್ಲಿ ಅಚ್ಚು ಹಾಕಿಸಿದ್ದು. ನನಗೆ ಕೊಡಬೇಕೆಂದು ಎತ್ತಿಟ್ಟಿದ್ದರಂತೆ. ಮೊದಲ ಪುಟಗಳಲ್ಲಿ ಅವರ ಓಟ, ಈಜು, ಗೆದ್ದ ಕಪ್ಪುಗಳು. ಆಮೇಲೆ ಒಂದೇ ಸಾಲು: ಕೆಲವು ವರ್ಷಗಳ ಬಿಡುವಿನ ನಂತರ ಶ್ರೀಮತಿಯವರು ಮತ್ತೆ ಕ್ರೀಡೆಗೆ ಮರಳಿದರು. ಅದರಾಚೆ ಕೋಚು, ಪಂಚರು, ಪದವಿಗಳು. ಇಂಡಿಯ ಹೆಸರೇ ಇಲ್ಲ.

ಆ ಸಾಲಿನ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ, ಬಸ್ಸಿನಲ್ಲಿ ಕುಲುಕಿದಂಥ ಕನ್ನಡ ಅಕ್ಷರಗಳಿದ್ದವು.

"ಕುಶುಮ್, ಹನ್ನೊಂದು ವರ್ಷ ಖರಾಬು ಅಂತ ಬಿಟ್ಟಾರ. ನಿಮ್ಮಪ್ಪನ್ನ ಕರಕೊಂಡು ಬಾ. ಇನ್ನೊಮ್ಮಿ ಅಳಿಯೂಣು."

ಅಪ್ಪ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ನಾನು ಪೆನ್ನು ತೆಗೆದುಕೊಂಡು, ಆ ಸಾಲಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬರೆದೆ.